ನಿಂಟೆಂಡೊ ಮ್ಯೂಸಿಯಂ: ಜಪಾನಿಗೆ ಹೊರಟವರು ಓದಿ

ಗೆಳೆಯರೇ, ನಮ್ಮ ಗುಂಪಿನಲ್ಲಿ ಕೆಲವರು ಜಪಾನ್ ಪ್ರವಾಸಕ್ಕೆ ಹೊರಟಿದ್ದೀರಿ. ಕ್ಯೋಟೋ ಪಕ್ಕದ ಉಜಿಯಲ್ಲಿರುವ, ವಿಡಿಯೋ ಗೇಮ್ ಕಂಪನಿ ನಿಂಟೆಂಡೊದ ಮ್ಯೂಸಿಯಂಗೆ ಸುಮ್ನೆ ಹೋಗಿ ನಿಂತರೆ ಒಳಗೆ ಬಿಡಲ್ಲ. ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು, ಲಾಟರಿ ಎತ್ತಿ ಟಿಕೆಟ್ ಕೊಡುತ್ತಾರೆ. ಹಾಗಾಗಿ ವಿಮಾನದ ಟಿಕೆಟ್ ಜೊತೆಗೇ ಇದನ್ನೂ ನೋಡಿಕೊಳ್ಳಿ.

2024ರ ಅಕ್ಟೋಬರ್ 2ರಂದು ತೆರೆದ ಈ ಜಾಗ ಮೊದಲು ಕಂಪನಿಯ ಕಾರ್ಖಾನೆಯಾಗಿತ್ತು. ಇಸ್ಪೀಟೆಲೆ ತಯಾರಾಗುತ್ತಿದ್ದದ್ದು ಇಲ್ಲೇ. ಹೌದು, 1889ರಲ್ಲಿ ಶುರುವಾದಾಗ ನಿಂಟೆಂಡೊ ಮಾಡುತ್ತಿದ್ದದ್ದು ಹನಫುದಾ ಎಂಬ ಹೂವಿನ ಚಿತ್ರದ ಎಲೆಗಳನ್ನು. ಅವನ್ನು ನಾವೇ ಕೈಯಾರೆ ಮಾಡಿ ನೋಡಲು ಅಲ್ಲಿ ಅವಕಾಶವಿದೆ. ನನ್ನ ಪ್ರಕಾರ ಅದನ್ನು ಬಿಡಲೇಬಾರದು.

ನಮ್ಮಲ್ಲಿ ಜಾಸ್ತಿ ಜನ ಆಡಿದ್ದು ನಿಂಟೆಂಡೊದ 1983ರ ಗೇಮ್ ಯಂತ್ರ ಫ್ಯಾಮಿಕಾಂನ ನಕಲು ಟಿವಿ ಗೇಮ್‌ನಲ್ಲಿ, ಅಲ್ವಾ? ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದೆವು. ಮೇಲೆ '9999999 ಇನ್ 1' ಅಂತ ಚೀಟಿ, ಒಳಗೆ ಅದೇ ನಾಲ್ಕೈದು ಆಟ! ಅದರಲ್ಲಿದ್ದ ಸೂಪರ್ ಮಾರಿಯೋಗೆ 2025ರ ಸೆಪ್ಟೆಂಬರ್‌ಗೆ 40 ವರ್ಷ ತುಂಬಿತು. ಇಡೀ ಆಟ ಬರೀ 40 ಕಿಲೋಬೈಟ್. ಜಾಗ ಉಳಿಸೋಕೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ.

ಅಟ್ಟದ ಮೇಲೆ ಹಳೆ ಕ್ಯಾಸೆಟ್ ಇದ್ದರೆ ಫೋಟೋ ಹಾಕಿ. ಕದ್ದ ಗೇಮ್‌ಗಳ ಲಿಂಕ್ ಮಾತ್ರ ಬೇಡ.