ಆಪರೇಷನ್ನಿಗೆ ಕಾಯುತ್ತಿರುವ ಗೆಳೆಯನಿಗೆ

ಮೈಸೂರು

ಪ್ರೀತಿಯ ಗೆಳೆಯ,

ಉಭಯಕುಶಲೋಪರಿ ಎಂದು ಪತ್ರ ಆರಂಭಿಸುವುದು ನಮ್ಮ ಹಳೆಯ ರೂಢಿ. ಈ ಸಲ ಹಾಗೆ ಬರೆಯಲು ಮನಸ್ಸಾಗಲಿಲ್ಲ. ಕ್ಯಾನ್ಸರಿನಿಂದಾಗಿ ನಿನ್ನ ಎಡ ಶ್ವಾಸಕೋಶದ ಮೇಲಿನ ಹಾಲೆಯನ್ನು, ಅಂದರೆ ಮೇಲಿನ ಭಾಗವನ್ನು, ತೆಗೆಯಬೇಕಾಗಿದೆ ಎಂದೂ, ಆಪರೇಷನ್ನಿಗೆ ಇನ್ನೂ ಮೂರು ವಾರವಿದೆ ಎಂದೂ ನಿನ್ನ ಮಗ ಮಂಡ್ಯದಿಂದ ಫೋನ್ ಮಾಡಿ ತಿಳಿಸಿದ. "ಅಪ್ಪ ಯಾರ ಹತ್ತಿರವೂ ಮಾತಾಡ್ತಿಲ್ಲ, ನೀವಾದರೂ ಧೈರ್ಯ ಹೇಳಿ ದೊಡ್ಡಪ್ಪ" ಎಂದ. ಆರು ವರ್ಷಗಳ ಹಿಂದೆ ಇದೇ ಕಾಯಿಲೆಗೆ, ಇದೇ ಆಪರೇಷನ್ನಿಗೆ ನಾನೂ ಹೀಗೆಯೇ ದಿನ ಎಣಿಸಿದವನು. ಆಗ ಎಲ್ಲರೂ ಹೇಳಿದ ಧೈರ್ಯವೇ ನನಗೆ ಹೊರಲಾರದ ಹೊರೆಯಾಗಿತ್ತು.

ನೋಡಲು ಬಂದವರೆಲ್ಲ "ಮನಸ್ಸು ಗಟ್ಟಿಯಾಗಿದ್ದರೆ ಅರ್ಧ ಕಾಯಿಲೆ ವಾಸಿ" ಎನ್ನುತ್ತಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಬೆವರುತ್ತ ಕುಳಿತಾಗ, ನಾನು ಹೆದರುತ್ತಿರುವುದರಿಂದಲೇ ಗಡ್ಡೆ ಬೆಳೆಯುತ್ತಿದೆಯೇನೋ ಎಂಬ ಇನ್ನೊಂದು ಹೆದರಿಕೆ ಅದಕ್ಕೆ ಸೇರಿಕೊಳ್ಳುತ್ತಿತ್ತು. ಆ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. 1979ರಲ್ಲಿ ಲಂಡನ್ನಿನ ಸಣ್ಣ ಅಧ್ಯಯನವೊಂದು, ಹೋರಾಟದ ಮನೋಭಾವವಿದ್ದ ಸ್ತನ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು ಹೇಳಿತ್ತು. ಆದರೆ 1999ರಲ್ಲಿ ಅಲ್ಲಿಯವರೇ 578 ಮಹಿಳೆಯರನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ನಮ್ಮದು ಬೇರೆ ಅಂಗದ ಕಾಯಿಲೆ, ನಿಜ. ಆದರೂ ಇದನ್ನು ತಿಳಿದ ದಿನ ನನ್ನ ಎದೆ ಹಗುರಾಯಿತು. ನೀನು ಹೆದರಬಹುದು, ಅಳಲೂಬಹುದು.

ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ಇನ್ನೇನೂ ಉಳಿದಿಲ್ಲ ಎಂಬ ತೀವ್ರ ಹತಾಶೆ ಇದ್ದವರಿಗೆ ಸ್ವಲ್ಪ ಕೆಡುಕಾಗಿತ್ತು. ಊಟ, ಮಾತು, ಮೊಮ್ಮಗಳ ಆಟ ಯಾವುದೂ ಬೇಡವೆನಿಸುವ ಸ್ಥಿತಿ ದಿನಗಟ್ಟಲೆ ಉಳಿದರೆ ಅದನ್ನು ಕೆಮ್ಮಿನಷ್ಟೇ ಸಹಜವಾಗಿ ವೈದ್ಯರಿಗೆ ಹೇಳು, ಅದಕ್ಕೂ ಚಿಕಿತ್ಸೆಯಿದೆ. ಸರಿರಾತ್ರಿಯಲ್ಲಿ ಯಾರನ್ನೂ ಎಬ್ಬಿಸಲು ಮನಸ್ಸಾಗದಿದ್ದರೆ 14416ಕ್ಕೆ ಕರೆ ಮಾಡು. ಸರ್ಕಾರದ ಟೆಲಿ ಮಾನಸ್ ಸೇವೆ ಅದು, ಉಚಿತ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಶ್ವಾಸಕೋಶದ ರೋಗಿಯನ್ನು ಹೆಚ್ಚಾಗಿ ಕಾಡುವ ಒಂದು ಸಂಕಟವಿದೆ. ಹೆದರಿಕೆಯಾದಾಗ ಉಸಿರು ಚಿಕ್ಕದಾಗಿ, ವೇಗವಾಗಿ ಓಡುತ್ತದೆ, ಎದೆ ಬಿಗಿಯುತ್ತದೆ. ಕಾಯಿಲೆ ಹೆಚ್ಚಿತೆಂದು ನಾವು ಇನ್ನಷ್ಟು ಹೆದರುತ್ತೇವೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಬೆಳಿಗ್ಗೆ ನನಗೆ ಹಾಗಾಗಿ ಕಲ್ಲುಬೆಂಚಿನ ಮೇಲೆ ಕುಸಿದು ಕುಳಿತಿದ್ದೆ. ಹತ್ತು ನಿಮಿಷದಲ್ಲಿ ಉಸಿರು ತಾನಾಗಿಯೇ ಹದಕ್ಕೆ ಬಂದಾಗ, ಅದು ಹೆದರಿಕೆಯ ಕೆಲಸವೆಂದು ಮೊದಲ ಬಾರಿಗೆ ಅರ್ಥವಾಯಿತು. ಹಾಗೆ ಹದಕ್ಕೆ ಬರದಿದ್ದರೆ, ಇಲ್ಲವೇ ಕಫದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಫಿಸಿಯೋಥೆರಪಿಯವರು ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟಿರಬೇಕಲ್ಲ, ಅದನ್ನು ಬೀರುವಿನಿಂದ ಹೊರಗೆ ತೆಗೆ. ಕೊಳವೆಯನ್ನು ಬಾಯಿಗಿಟ್ಟು ನಿಧಾನವಾಗಿ ಉಸಿರೆಳೆದರೆ ಚೆಂಡುಗಳು ಒಂದೊಂದಾಗಿ ಮೇಲೇಳುತ್ತವೆ. ಮೊದಲ ದಿನ ನನಗೆ ಒಂದೇ ಎದ್ದು, ಎರಡನೆಯದು ನಡುಗಿ ಬಿದ್ದುಹೋಯಿತು. ಎಂಟನೆಯ ದಿನ ಎರಡೂ ಮೇಲೆ ನಿಂತಾಗ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದು ನೋಡಿದಳು. ಬರೀ ಕಾಯುವುದೊಂದೇ ಆಗಿದ್ದ ದಿನಗಳಿಗೆ ಆ ಚೆಂಡುಗಳು ಒಂದು ಕೆಲಸ ಕೊಟ್ಟವು.

ಆಲೆಮನೆಯಲ್ಲಿ ಸೇದಿದ ಬೀಡಿಗಳ ಲೆಕ್ಕವನ್ನು ನೀನು ಈಗ ಹಾಕುತ್ತಿರುತ್ತೀಯ, ಗೊತ್ತು. ಬೀಡಿಯಿಂದ ಕಾಯಿಲೆ ಬಂದಿರಬಹುದು. ಅಷ್ಟಕ್ಕೆ ಇದು ನಿನಗೆ ಸಲ್ಲಬೇಕಾದ ಶಿಕ್ಷೆಯಾಗುವುದಿಲ್ಲ. ಇನ್ನೂ ಬಿಟ್ಟಿಲ್ಲವಾದರೆ ಇವತ್ತೇ ಬಿಡು, ಆಪರೇಷನ್ ಆದ ಮೇಲೆ ಶ್ವಾಸಕೋಶದ ಸೋಂಕಿನ ಅಪಾಯ ಕಡಿಮೆಯಾಗುತ್ತದೆ.

ನಿನ್ನ ಮನೆಯವರು ನಿನ್ನೆದುರು ಕ್ಯಾನ್ಸರ್ ಎಂಬ ಪದವನ್ನೇ ಆಡುತ್ತಿಲ್ಲವಂತೆ, ನೀನೂ ಅವರೆದುರು ಆಡುತ್ತಿಲ್ಲವಂತೆ. ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಅವರನ್ನೂ ಜೊತೆಗೆ ಕೂರಿಸಿಕೊಂಡು ಆ ಪದವನ್ನು ಒಮ್ಮೆ ನಾನೇ ಹೇಳಿಬಿಡುತ್ತೇನೆ. ಆಮೇಲೆ ಸರ್ಜನ್ನರನ್ನು ಕೇಳಬೇಕಾದ ಪ್ರಶ್ನೆಗಳನ್ನು ಎಲ್ಲರೂ ಸೇರಿ ಬರೆದಿಡೋಣ. ಸ್ಕ್ಯಾನಿನ ಫೈಲನ್ನು ಕೈಗೆ ಸಿಗುವಂತೆ ಇಟ್ಟಿರು.

ಇಂತಿ,
ನಿನ್ನ ಹಳೆಯ ಸ್ನೇಹಿತ