ಬೋರ್ಡಿನ ಮೇಲೆ ಆನೆ ಬರೆಯಬೇಡ

ಬೇಲೂರು, ಭಾನುವಾರ

ಪುಟ್ಟಿ,

ನಿನ್ನ ಫೋನು ಬಂದಾಗ ಸಂತೆಯಲ್ಲಿದ್ದೆ, ಅರ್ಧಂಬರ್ಧ ಕೇಳಿಸಿತು. ನಲಿ-ಕಲಿಯ ಸಣ್ಣ ಕ್ಲಾಸಿನ ಮಕ್ಕಳ ಡ್ರಾಯಿಂಗ್ ಕ್ಲಾಸನ್ನೂ ನಿನ್ನ ತಲೆಗೇ ಕಟ್ಟಿದ್ದಾರೆ, 'ನಂಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ ಮಾವ' ಅಂದೆಯಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು. ಬರುತ್ತಿದ್ದವನು ನಾನು. ಅದರಿಂದಾದ ಅನಾಹುತ ಕೇಳು.

ಸಕಲೇಶಪುರದ ಕಡೆ ಒಂದು ಶಾಲೆಯಲ್ಲಿದ್ದಾಗ ಬೋರ್ಡಿನ ಮೇಲೆ ಆನೆ ಬರೆದು, ನೋಡಿಕೊಂಡು ಬರೀರಿ ಅಂದೆ. ಎಲ್ಲರೂ ಇಳಿಸಿಕೊಂಡರು. ತೋಟದ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದ ಎರಡನೇ ಕ್ಲಾಸಿನ ಹುಡುಗಿ ಮಾತ್ರ ಹಾಳೆ ತುಂಬ ನಾಲ್ಕು ದಪ್ಪ ಕಂಬ ಎಳೆದು, ಸುತ್ತಲೂ ಕಪ್ಪು ತೀಡುತ್ತಾ ಕೂತಿದ್ದಳು. ಸೊಂಡಿಲೆಲ್ಲಿ ಅಂತ ಕೆಂಪು ಪೆನ್ನು ತೆಗೆದು ನಾನೇ ಒಂದು ಸೊಂಡಿಲು ಎಳೆದೆ. ಅವಳು ಅಳಲಿಲ್ಲ. 'ನಾವು ಮಂಚದ ಕೆಳಗಿದ್ವಿ ಸಾರ್, ಬಾಗಿಲ ಸಂದೀಲಿ ಕಾಲಷ್ಟೇ ಕಾಣ್ತಿತ್ತು' ಅಂದಳು. ನನ್ನ ಆನೆ ದಸರಾ ಕ್ಯಾಲೆಂಡರಿನದು. ಅವಳದು ಅಂಗಳಕ್ಕೆ ಬಂದದ್ದು. ವರ್ಷ ಮುಗಿಯುವವರೆಗೂ ಆಮೇಲೆ ಅವಳು ಬೋರ್ಡು ನೋಡಿಯೇ ಬರೆದಳು. ಆ ಹಾಳೆ ಇನ್ನೂ ನನ್ನ ಟ್ರಂಕಿನಲ್ಲಿದೆ, ಕೆಂಪು ಸೊಂಡಿಲಿನ ಸಮೇತ.

ನಿನ್ನ ಶಾಲೆಯ ಕಿಟಕಿಗೆ ಮುಳ್ಳಯ್ಯನಗಿರಿ ಕಾಣುತ್ತದೆ ಅಂದೆ. ರಾಜ್ಯದಲ್ಲೇ ಎತ್ತರದ ಬೆಟ್ಟ ಕಣ್ಣೆದುರಿಗಿದ್ದರೂ ಮಕ್ಕಳು ಬರೆಯುವುದು ಎರಡು ತ್ರಿಕೋನ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನಮರ. ಅದು ಯಾರೋ ದೊಡ್ಡವರು ಕಲಿಸಿದ್ದು. ಬೈಯಬೇಡ. ಹೊರಗೆ ಕರೆದುಕೊಂಡು ಹೋಗಿ, ಬೆಟ್ಟದ ಅಂಚಿನ ಮೇಲೆ ಬೆರಳು ಓಡಿಸಿ ಅನ್ನು. ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತ ಬೆರಳಿಗೆ ಗೊತ್ತಾದ ಮೇಲೆ ಹಾಳೆ ಕೊಡು.

ಒಂದನೇ ಕ್ಲಾಸಿನಲ್ಲಿ ಕೆಲವರು ಇನ್ನೂ ತಲೆಗೇ ಕೈಕಾಲು ಅಂಟಿಸುತ್ತಾರೆ. ಗೋಡೆಯಿದ್ದರೂ ಒಳಗಿನ ಒಲೆ ಕಾಣುತ್ತದೆ, ಅಜ್ಜಿ ಮನೆಗಿಂತ ಎತ್ತರ ಇರುತ್ತಾಳೆ. ತಿದ್ದಲು ಹೋಗಬೇಡ. 'ಇದೇನು?' ಅಂತಲೂ ಕೇಳಬೇಡ, ಮಗು ಹೆದರಿ ಏನೋ ಒಂದು ಹೆಸರು ಹೇಳಿಬಿಡುತ್ತದೆ. 'ಇಲ್ಲೇನು ನಡೀತಿದೆ?' ಅಂದು ನೋಡು, ಬೆಲ್ ಹೊಡೆದರೂ ಮಾತು ನಿಲ್ಲುವುದಿಲ್ಲ.

ಬಣ್ಣಕ್ಕೆ ದುಡ್ಡು ಕೇಳಿ ಹೆಡ್‌ಮಾಸ್ಟರ ಮುಂದೆ ನಿಲ್ಲಬೇಡ. ಇದ್ದಿಲು, ಕೆಮ್ಮಣ್ಣು, ಬಸಳೆ ಹಣ್ಣು ಇವೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಕ್ಲಾಸು ಮಂತ್ರವಾದಿಯನ್ನು ನೋಡಿದ ಹಾಗೆ ನಿನ್ನನ್ನು ನೋಡುತ್ತದೆ. ಸುಣ್ಣ ಮಾತ್ರ ನೀನೇ ಹಾಕು, ಕಡ್ಡಿಯಲ್ಲಿ ಕಲಕು, ಮಕ್ಕಳ ಕಣ್ಣಿಗೆ ಹಾರಬಾರದು. ಇನ್ನೊಂದು ಆಟ: ಮೇಣದ ಕ್ರೇಯಾನಿನಲ್ಲಿ ಒತ್ತಿ ಬರೆಸಿ, ಮೇಲೆ ಮಿಕ್ಕಿದ ಕಾಫಿ ಡಿಕಾಕ್ಷನ್ ಬಳಿಸು. ಮೇಣಕ್ಕೆ ನೀರು ಹತ್ತದೆ ಗೆರೆ ಎದ್ದು ನಿಲ್ಲುತ್ತದೆ. ಚಿಕೋರಿ ಡಿಕಾಕ್ಷನ್ನಿಗೇ ಬಣ್ಣ ಚೆನ್ನ, ನಿಮ್ಮತ್ತೆಗೆ ಹೇಳಬೇಡ.

ಚಿತ್ರದ ಕೆಳಗೆ ಹೆಸರು ಬರೆಸುವುದು ಮರೆಯಬೇಡ, ಅಕ್ಷರ ತಿರುಗಮುರುಗ ಆದರೂ ಸರಿ. ಇಲ್ಲಿ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರು ಬಿಟ್ಟು ಹೋಗಿದ್ದಾರೆ. ಗುಡಿಯಲ್ಲಿ ಪ್ರತಿಷ್ಠೆ ಆದದ್ದು 1117ರಲ್ಲಿ, ಹೆಸರು ಇವತ್ತಿಗೂ ಓದಬಹುದು. ಅವರು ಕೆತ್ತಿದ್ದು ಬಳಪದ ಕಲ್ಲು. ನಿನ್ನ ಮಕ್ಕಳ ಸ್ಲೇಟಿನ ಬಳಪಕ್ಕೂ ಅದೇ ಹೆಸರು, ಅವರಿಗೆ ಹೇಳಿ ನೋಡು.

ನಾಳೆ ಬೆಳಗಿನ ಬಸ್ಸಿನಲ್ಲಿ ಒಂದು ಡಬ್ಬಿ ಬಳಪ, ಬೈಂಡಿಂಗ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಹಾಳೆ ಕಳಿಸುತ್ತೇನೆ. ಸ್ಟ್ಯಾಂಡಿನಲ್ಲಿ ಕಂಡಕ್ಟರ ಹತ್ತಿರ ಇಸಿದುಕೋ. ಹಾಳೆ ಸಣ್ಣದಾಯಿತು ಅಂದವರಿಗೆ ಎರಡು ಅಂಟಿಸಿಕೊಡು.

ನಿನ್ನ ಮಾವ