ನಿಷ್ಪಕ್ಷಪಾತ ಸಾಕ್ಷಿ ಎಲ್ಲಿ ಸಿಗ್ತಾನೆ, ಡಾಕ್ಟ್ರೇ?

ಡಾಕ್ಟ್ರೇ,

ಡಿಗ್ರಿ ಬರೋ ಮುಂಚೆ ಹಾಗೆ ಕರೀಬೇಡ ಅಂತ ನೀನು ಮುಖ ಸಿಂಡರಿಸೋದು ಇಲ್ಲಿಂದಲೇ ಕಾಣ್ತಿದೆ. ಫೋನಿಗೇ ಕಳಿಸಬಹುದಿತ್ತು, ಎಲ್ಲರೆದುರು ಯಾಕೆ ಬರೀತಿದ್ದೀಯ ಅಂತಲೂ ಕೇಳ್ತೀಯ. ಫೋನಿಗೆ ಎಷ್ಟು ಉದ್ದ ಬರೆದು ಕಳಿಸಿದರೂ ನೀನು ಒಂದು ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗ್ತೀಯ. ನಾಲ್ಕು ಜನ ನೋಡ್ತಿದ್ದರೆ ಉತ್ತರ ಕೊಡಲೇಬೇಕಾಗುತ್ತೆ.

ಮೊದಲು ಒಳ್ಳೆ ಸುದ್ದಿ. ನಮ್ಮೂರಿನ ಬಗ್ಗೆ ಮಾಡ್ತಿರೋ ಪಿಎಚ್‌.ಡಿ.ಯ ಈ ಸಲದ ಪ್ರಗತಿ ವರದಿ ಮಂಡನೆ ಮುಗಿಯಿತು. ಕಮಿಟಿಯವರು ಕೇಳಿದ ಮೊದಲ ಪ್ರಶ್ನೆ, "ಸಿಮಿಲ್ಯಾರಿಟಿ ಎಷ್ಟು ಬಂತು?" ಅಂದರೆ, ಬೇರೆಯವರ ಬರಹಕ್ಕೆ ನನ್ನದು ಶೇಕಡಾ ಎಷ್ಟು ಹೋಲುತ್ತೆ ಅಂತ. ವಿಶ್ವವಿದ್ಯಾಲಯಗಳಿಗೆ ನಿಯಮ ಹಾಕೋ ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರ ಒಳಗಿದ್ದರೆ ದಂಡನೆ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ನಂದು ಹತ್ತರೊಳಗೇ ಇತ್ತು. ಎಲ್ಲರೂ ನೆಮ್ಮದಿಯಿಂದ ಬಜ್ಜಿ ತಿಂದರು. ಮೂರು ಪಾಯಿಂಟು ಅಂತ ಶುರು ಮಾಡಿದ ಮೇಷ್ಟ್ರು ಈ ಸಲವೂ ಮೂರನೆಯದಕ್ಕೆ ಬರಲಿಲ್ಲ. ನೀನಿದ್ದಿದ್ದರೆ ಹೊರಗೆ ಎದ್ದು ಹೋಗ್ತಿದ್ದೆ.

ಈಗ ನೀನು ಕೊಟ್ಟ ಒಪ್ಪಿಗೆ ಪತ್ರದ ಕಥೆ, ಸಂಶೋಧನೆಗೆ ಅಂತ ಜನರನ್ನು ಮಾತಾಡಿಸೋ ಮುಂಚೆ ಅವರಿಂದ ಸಹಿ ಹಾಕಿಸಿಕೊಳ್ಳೋದು. ನಮ್ಮ ವಿಭಾಗದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಪಿಎಚ್‌.ಡಿ. ಕೋರ್ಸ್‌ವರ್ಕಿನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಅಂತ ಎರಡು ಕ್ರೆಡಿಟ್ಟಿನ ಪಾಠ ಕಡ್ಡಾಯ ಮಾಡಿದ್ದಾರಲ್ಲ, ಅದರಲ್ಲಿ ಬಹಳಷ್ಟು ಪ್ರಕಟಣೆಯದ್ದೇ ಗೋಳು. ಎಂಥ ಪತ್ರಿಕೆಗೆ ದುಡ್ಡು ಕೊಟ್ಟು ಮೋಸ ಹೋಗಬಾರದು, ಇಂಥವು. ಗದ್ದೆ ಬದುವಿನ ಮೇಲೆ ಹೇಗೆ ನಿಲ್ಲಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಅದಕ್ಕೇ ನಿನ್ನ ಹತ್ತಿರ ಫಾರಂ ಬೇಡಿದ್ದು. ವೈದ್ಯಕೀಯ ಸಂಶೋಧನೆ ನೋಡಿಕೊಳ್ಳೋ ಐಸಿಎಂಆರ್‌ನ 2017ರ ಮಾರ್ಗಸೂಚಿ ನೋಡಿ ತಯಾರಿಸಿದ್ದು ಅಂತ ನೀನು ಎಷ್ಟು ಗತ್ತಿನಿಂದ ಕಳಿಸಿದ್ದೆ! ನಾನೂ ಕನ್ನಡಕ್ಕೆ ಮಾಡಿ, ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಊರಿಗೆ ಹೋದೆ.

ನಮ್ಮ ಕಡೆ ಹೆಂಗಸರಿಗೆ ಕಾಗದ ಅಂದರೆ ಸಾಲ. ವಾರದ ಕಂತು ವಸೂಲಿಗೆ ಬರೋ ಫೈನಾನ್ಸ್ ಹುಡುಗರೂ ಥೇಟ್ ನನ್ನ ಹಾಗೇ ಇರ್ತಾರೆ. ಹೆಗಲಿಗೆ ಬ್ಯಾಗು, ಕೈಯಲ್ಲಿ ಫಾರಂ, ಬಾಯಲ್ಲಿ "ಅಕ್ಕಾ". ನಾಟಿ ಮುಗಿಸಿ ನಾಲೆಯಲ್ಲಿ ಕಾಲು ತೊಳೀತಿದ್ದ ಒಬ್ಬ ಅಕ್ಕ ಫಾರಂ ನೋಡಿ, "ಇದ್ಯಾವ ಸಂಗದ್ದು ಬುದ್ಧೀ? ಎಷ್ಟು ವಾರ ಕಟ್ಬೇಕು?" ಅಂದರು. ಕಟ್ಟೋದೇನಿಲ್ಲ, ಬರೀ ಮಾತು ಅಂದೆ. ಬರೀ ಮಾತಿಗೆ ಹೆಬ್ಬೆಟ್ಟು ಯಾಕೆ ಅಂದರು.

ನಿನ್ನ ಫಾರಂನ ಕೊನೆಯಲ್ಲಿ ಒಂದು ಸಾಲಿದೆ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು, ಅವರೂ ಸಹಿ ಹಾಕಬೇಕು. ಯಾರನ್ನು ಕರೆಯೋದು ಅಂತ ನಾನು ಸುತ್ತ ನೋಡ್ತಿದ್ದೆ. ಬದುವಿನ ಮೇಲೆ ನಿಂತಿದ್ದ ಮಾವ ಜೇಬಿಂದ ಪೆನ್ನು ತೆಗೆದರು. "ತತ್ತಾರೋ ಇಲ್ಲಿ, ನಾನೇ ಹಾಕ್ತೀನಿ."

ಗದ್ದೆ ಅವರದು. ಕೂಲಿ ಕೊಡೋರೂ ಅವರೇ. ನನ್ನ ಪ್ರಶ್ನೆಗಳೆಲ್ಲ ಇದ್ದದ್ದು ಕೂಲಿಯ ಬಗ್ಗೆ.

ನಗಬೇಡ. ಫಾರಂ ಮಡಚಿ ಬ್ಯಾಗಿಗೆ ತುರುಕಿದೆ. ಮಾವ ಊಟಕ್ಕೆ ಹೋದ ಹೊತ್ತಿನಲ್ಲಿ ಬಾಯಿಮಾತಲ್ಲೇ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಂಡೆ.

ನಿಮ್ಮ ನಿಯಮಗಳು ಎಲ್ಲಿಂದ ಬಂದವು ಅಂತ ಗೊತ್ತು ಕಣೋ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಇದ್ದ ಬಡ ಕಪ್ಪು ಗಂಡಸರಿಗೆ ನಿಜ ಹೇಳದೆ, ರೋಗ ಹೇಗೆ ಬೆಳೆಯುತ್ತೆ ಅಂತ ಸುಮ್ನೆ ನೋಡ್ತಾ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅದು ಬಯಲಾಗಿ ಗಲಾಟೆಯಾದ ಮೇಲೆ 1979ರಲ್ಲಿ, ಸಂಶೋಧನೆಗೆ ಒಳಗಾಗೋ ಜನರನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಹೇಳೋ ಬೆಲ್ಮಾಂಟ್ ವರದಿ ಬಂತು. ನಿಮ್ಮಲ್ಲಿ ಹಾನಿ ಮಾಡೋದು ಸೂಜಿ, ಮಾತ್ರೆ. ನಮ್ಮಲ್ಲಿ ಥೀಸಿಸ್ಸಿನ ಒಂದು ಸಾಲು ಸಾಕು, ಮುಂದಿನ ನಾಟಿಗೆ ಆ ಅಕ್ಕನನ್ನು ಕರೆಯದೇ ಇರೋಕೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಬಗ್ಗೆ ನಾವು ಬೀಡಾ ಅಂಗಡಿ ಮುಂದೆ ಜಗಳ ಆಡಿದ್ದು ನೆನಪಿದೆಯಾ? 1948ರಲ್ಲಿ ಅವರು ಮೈಸೂರು ಸೀಮೆಯ ಕೊಡಗಹಳ್ಳಿಗೆ ಹೋಗಿ ಕೂತರು. ಬರೆಯುವಾಗ ಅದು "ರಾಂಪುರ" ಆಯಿತು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಗೆ, ಅವರು ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟವು. ಬಹುಪಾಲು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಮೆಥಡಾಲಜಿ ಕ್ಲಾಸಿನಲ್ಲಿ ಎಲ್ಲರೂ ಬೆಂಕಿಯ ಕಥೆಯನ್ನೇ ಹೇಳ್ತಾರೆ. ನನ್ನನ್ನು ಕಾಡೋದು ಅವರು ಉಳಿದುಕೊಂಡಿದ್ದ ಜಾಗ. ಪಟೇಲರ ಎತ್ತಿನ ಮನೆ ಅದು. ತಾನು ಊರನ್ನು ಮೇಲ್ಜಾತಿಯವನ ಕಣ್ಣಿಂದ ನೋಡಿದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ನಾನು ಮಲಗಿದ್ದು ಮಾವನ ಮನೆ ಜಗಲಿಯಲ್ಲಿ, ಅತ್ತೆ ಕೊಟ್ಟ ಹೊಸ ಕಂಬಳಿ ಹೊದ್ದುಕೊಂಡು.

ಇನ್ನೊಂದು. ರಾಂಪುರ ಅನ್ನೋ ಹೆಸರು ಹೊರಗಿನವರ ಕಣ್ಣಿಂದ ಊರನ್ನು ಮರೆಮಾಡಿತು. ಊರಿನವರ ಕಣ್ಣಿಂದ ಪುಸ್ತಕವನ್ನು ಮರೆಮಾಡಿದ್ದು ಇಂಗ್ಲಿಷು. ನನಗೆ ಆ ಅನುಕೂಲ ಇಲ್ಲ. ನಾನು ಬರೀತಿರೋದು ಕನ್ನಡದಲ್ಲಿ. ಮೊದಲಾದರೆ ಥೀಸಿಸ್ ಲೈಬ್ರರಿಯಲ್ಲಿ ಧೂಳು ತಿಂತಿತ್ತು. ಈಗ ಥೀಸಿಸ್‌ಗಳನ್ನು ಆನ್‌ಲೈನಿನಲ್ಲಿ ಇಡೋ ಶೋಧಗಂಗಾಕ್ಕೆ ಏರಿಸಬೇಕು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅಲ್ಲಿಂದ ನಮ್ಮೂರ ಹುಡುಗರ ವಾಟ್ಸಾಪ್ ಗ್ರೂಪಿಗೆ ಎಷ್ಟು ದೂರ? ಊರಿಗೆ ಹೊಸಹಳ್ಳಿ ಅಂತ ಸುಳ್ಳು ಹೆಸರಿಟ್ಟಿದ್ದೀನಿ. ಮಾರಮ್ಮನ ಗುಡಿ ಪಕ್ಕದ ಆಲೆಮನೆ ಅಂತ ಓದಿದ ತಕ್ಷಣ ಎಂಟನೇ ಕ್ಲಾಸಿನ ಹುಡುಗನೂ ನಮ್ಮದೇ ಊರು ಅಂತಾನೆ.

ಕೂಲಿ ಲೆಕ್ಕದ ಅಧ್ಯಾಯವನ್ನು ಥೀಸಿಸ್ಸಿಂದ ತೆಗೆದು ಇಂಗ್ಲಿಷ್ ಪೇಪರ್ ಮಾಡ್ತೀನಿ ಅಂತ ಕಮಿಟಿ ಮುಂದೆ ಹೇಳಿದೆ. ಎಲ್ಲರೂ ಭೇಷ್ ಅಂದರು. ಇಂಗ್ಲಿಷ್ ಪೇಪರ್ ಅಂದರೆ ಯಾರು ಬೇಡ ಅಂತಾರೆ? ಕೆಲಸಕ್ಕೆ ಒಳ್ಳೇದು ಅಂತ ನಿನಗೂ ಅದೇ ಕಾರಣ ಹೇಳಿದ್ದೆ. ಕಾರಣ ಅದಲ್ಲ. ಮಾವನಿಗೆ ಇಂಗ್ಲಿಷ್ ಬರಲ್ಲ.

ಆ ಹೆಂಗಸರ ರಕ್ಷಣೆಗೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಇದೆ. ಆದರೆ ನಾಲೆಯಲ್ಲಿ ಕಾಲು ತೊಳೀತಿದ್ದ ಅಕ್ಕ ಎಲ್ಲ ಹೇಳಿ ಮುಗಿಸಿದ ಮೇಲೆ, "ಬರಿ ಮಗಾ. ನನ್ ಹೆಸ್ರೂ ಹಾಕು. ಹೆಸ್ರಿಲ್ದಿದ್ರೆ ಯಾರು ಹೇಳಿದ್ದು ಅಂತ ಹೆಂಗೆ ಗೊತ್ತಾಯ್ತದೆ?" ಅಂದರು. ಪುಸ್ತಕ ಬಂದ ಮೇಲೆ ಮಗಳ ಕೈಲಿ ಓದಿಸ್ತಾರಂತೆ. ಮಗಳು ಓದಿದ್ದು ಕನ್ನಡ ಮೀಡಿಯಂ. ನಾನು ಮಾವನಿಂದ ಬಚ್ಚಿಡೋಕೆ ಹೋದರೆ ಅವರಿಂದಲೂ ಬಚ್ಚಿಟ್ಟ ಹಾಗೇ ಅಲ್ವಾ?

ಇಷ್ಟು ಹೇಳಿದ ಮೇಲೆ ಅದನ್ನೂ ಹೇಳಿಬಿಡ್ತೀನಿ. ಹಳೇ ಲೆಕ್ಕದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಕೊಟ್ಟಿದ್ದು ಮಾವನೇ. "ನಿನ್ನ ರಿಸರ್ಚಿಗೆ ಆಯ್ತದಾ ನೋಡು" ಅಂತ. ಎಷ್ಟು ಹೆಮ್ಮೆ ಅವರಿಗೆ! ಯಾರಿಗೆ ಎಷ್ಟು ಮುಂಗಡ, ಯಾರ ಕೂಲಿಯಲ್ಲಿ ಎಷ್ಟು ಮುರಿದುಕೊಂಡದ್ದು, ಎಲ್ಲ ಇದೆ. ಗಂಡಾಳಿಗೊಂದು, ಹೆಣ್ಣಾಳಿಗೊಂದು. ಅಂಥ ಒಂದು ಪುಟದ ಕೆಳಗೆ, ಅದೇ ಶಾಯಿಯಲ್ಲಿ, ನನ್ನ ಹೆಸರು. ಮುಂದೆ "ಹಾಸ್ಟೆಲ್ ಫೀಸು". ನಾನು ಡಿಗ್ರಿ ಓದಿದ್ದು ಹಾಗೆ. ಅದು ಗೊತ್ತಿತ್ತು. ಯಾವ ಪುಟದಲ್ಲಿ ಅಂತ ಗೊತ್ತಿರಲಿಲ್ಲ.

ಆ ಪುಟದ ಫೋಟೋ ಅಧ್ಯಾಯಕ್ಕೆ ಬೇಕೇ ಬೇಕು. ಕೆಳಗಿಂದ ಎರಡು ಬೆರಳಷ್ಟು ಕತ್ತರಿಸಿದರೆ ನನ್ನ ಸಾಲು ಹೋಗುತ್ತೆ. ಕತ್ತರಿಸಿ ನೋಡಿದೆ. ಬಹಳ ನೀಟಾಗಿ ಕಾಣುತ್ತೆ.

ಸಾಕು, ಜಾಸ್ತಿ ಆಯ್ತು. ಇಣುಕಿ ಓದ್ತಿರೋ ಮಹನೀಯರೇ, ಇದು ಯಾವ ಮಾವ ಅಂತ ಹುಡುಕೋಕೆ ಹೋಗಬೇಡಿ. ನನಗೆ ಮಾವಂದಿರು ನಾಲ್ಕು ಜನ, ನಾಲ್ವರಿಗೂ ಗದ್ದೆ ಇದೆ. ಅನಾಮಿಕತೆ ಅಂದರೆ ಹೀಗೆ ಅಂತ ವೈವಾದಲ್ಲಿ ಕೇಳಿದರೂ ಹೇಳ್ತೀನಿ.

ಡಾಕ್ಟ್ರೇ, ನಿಮ್ಮ ಫಾರಂನಲ್ಲಿ "ಸಂಭವನೀಯ ಅಪಾಯಗಳು" ಅಂತ ಒಂದು ಕಾಲಂ ಇದೆಯಲ್ಲ, ಅದರಲ್ಲಿ ಸಂಶೋಧಕನದನ್ನೂ ಸೇರಿಸೋಕೆ ನಿನ್ನ ಕಮಿಟಿಗೆ ಹೇಳು. ಯುಗಾದಿ ಹತ್ತಿರ ಬಂತು. ಕನ್ನಡವೋ ಇಂಗ್ಲಿಷೋ, ಏನೇ ತೀರ್ಮಾನ ಆದರೂ ಹೊಸತೊಡಕು ಕಳೆದ ಮೇಲೆ. ಅತ್ತೆ ಮಾಡೋ ಮಟನ್ ಸಾರು ಬಿಟ್ಟುಕೊಡೋ ಅಷ್ಟು ಗಟ್ಟಿ ನೀತಿ ನನ್ನದಲ್ಲ. ನೀನೂ ಬಂದುಬಿಡು. 

ನಿನ್ನವ